ಒಂದು ಅಂಕಿ ಕಡಿಮೆ

ನಾಸಿಕದ ಗ್ಯಾರೇಜುಗಳಲ್ಲಿ ಸುಧೀರನ ಹೆಸರು ಕೇಳದವರಿಲ್ಲ. ಗೆದ್ದು ಹೆಸರು ಮಾಡಿದವನೇನಲ್ಲ. ಹನ್ನೆರಡು ಸಲ ಕಾರ್ ರ‍್ಯಾಲಿಗೆ ಹೊರಟು ಹನ್ನೆರಡು ಸಲವೂ ಮುಗಿಸದೆ ಮನೆಗೆ ಬಂದವನು. ಮೊದಲ ವರ್ಷ ಪೆಟ್ರೋಲ್ ಪೈಪು ಒಡೆಯಿತು. ಎರಡನೆಯ ವರ್ಷ ಮನ್ಮಾಡಿನ ಹತ್ತಿರ ಎಮ್ಮೆಯ ಹಿಂಡು ದಾಟುವ ತನಕ ನಿಂತು, ಗಡಿಬಿಡಿಯಲ್ಲಿ ದಾರಿಯನ್ನೇ ತಪ್ಪಿಸಿಕೊಂಡ. ಮೂರನೆಯ ವರ್ಷ ರೇಡಿಯೇಟರಿಗೆ ಮುಚ್ಚಳ ಹಾಕುವುದನ್ನು ಮರೆತಿದ್ದ. ಊರಿನವರ ಗಾಡಿಗಳಿಗೆಲ್ಲ ಬುದ್ಧಿ ಹೇಳುವ ಮೆಕ್ಯಾನಿಕ್ ತನ್ನ ಗಾಡಿಗೆ ಮುಚ್ಚಳ ಹಾಕದೆ ಹೋದ ಸುದ್ದಿಯನ್ನು ದ್ವಾರಕಾ ಸರ್ಕಲ್ಲಿನ ಚಹಾದಂಗಡಿಯವರು ಇಂದಿಗೂ ಉಪ್ಪುಖಾರ ಹಚ್ಚಿ ಹೇಳುತ್ತಾರೆ. ನಕ್ಕರೂ ಅವನೆಂದರೆ ಅವರಿಗೆ ಜೀವ. ರ‍್ಯಾಲಿಯ ದಿನ ಅಂಗಡಿ ಮುಚ್ಚಿ ರಸ್ತೆ ಬದಿಗೆ ಬಂದು ನಿಲ್ಲುವವರೂ ಅವರೇ.

ಈ ಕಥೆ ಮಾತ್ರ ಸುಧೀರನದಲ್ಲ, ಅವನ ಎಡಗಡೆ ಸೀಟಿನಲ್ಲಿ ಕೂತವಳದು. ರ‍್ಯಾಲಿಯಲ್ಲಿ ಕಾರು ಓಡಿಸುವವನ ಪಕ್ಕ ಇನ್ನೊಬ್ಬರು ಇರುತ್ತಾರೆ, ನ್ಯಾವಿಗೇಟರ್ ಎನ್ನುತ್ತಾರೆ. ಮುಂದಿನ ತಿರುವು ಎಂಥದ್ದು ಎಂದು ಪುಸ್ತಕ ನೋಡಿ ಒಂದೇ ಸಮನೆ ಓದಿ ಹೇಳುವುದು ಅವರ ಕೆಲಸ. ಗೆದ್ದವರ ನ್ಯಾವಿಗೇಟರನ್ನೇ ಪೇಪರಿನವರು ಕೇಳುವುದಿಲ್ಲ, ಸೋತವನ ನ್ಯಾವಿಗೇಟರನ್ನು ಯಾರು ಕೇಳಬೇಕು? ಅವಳ ಹೆಸರು ಮಂಗಲಾ. ಸುಧೀರನ ತಂಗಿ, ನಲವತ್ಮೂರು ವರ್ಷ, ಛತ್ರಪತಿ ಸಂಭಾಜಿನಗರದ ಒಂದು ಬ್ಯಾಂಕಿನಲ್ಲಿ ಅಧಿಕಾರಿ. ಮದುವೆ ಆಗಲಿಲ್ಲ, ಆಗಲಿಲ್ಲವೆಂದು ಕೊರಗಲೂ ಇಲ್ಲ. ಶನಿವಾರ ರೈಲು ಹತ್ತಿ ಮನ್ಮಾಡಿನ ಮೇಲೆ ನಾಸಿಕಕ್ಕೆ, ಅಣ್ಣನ ಮನೆಗೆ ಬರುತ್ತಿದ್ದಳು. ತಂದೆ ವಿಶ್ವನಾಥಪ್ಪ ಭಾಲ್ಕಿಯಿಂದ ಬಂದು ನಾಸಿಕದಲ್ಲಿ ಟೈರು ವ್ಯಾಪಾರ ಹೂಡಿದವರು. ಟೈರುಗಳ ನಡುವೆಯೇ ಬೆಳೆದ ಈ ಮಕ್ಕಳಿಗೆ ಚಕ್ರದ ಹುಚ್ಚು ಹಿಡಿದದ್ದರಲ್ಲಿ ಆಶ್ಚರ್ಯವೇನಿಲ್ಲ.

ತಿರುವುಗಳಿಗೆ ಅಂಕಿ ಇರುತ್ತದೆ. ಒಂದು ಎಂದರೆ ಪೂರಾ ಹೊರಳುವ ತಿರುವು, ತೆವಳುತ್ತ ಹೋಗಬೇಕು. ಆರು ಎಂದರೆ ಹೆಚ್ಚುಕಡಿಮೆ ನೇರ, ಆಕ್ಸಿಲರೇಟರಿನಿಂದ ಕಾಲು ಎತ್ತಬೇಕಿಲ್ಲ. ರ‍್ಯಾಲಿಗೆ ಎರಡು ದಿನ ಮೊದಲು ಇಬ್ಬರೂ ಅದೇ ರಸ್ತೆಯಲ್ಲಿ ನಿಧಾನವಾಗಿ ಹೋಗುತ್ತಾರೆ, ಅದಕ್ಕೆ ರೆಕಿ ಎಂದು ಹೆಸರು. ಅಣ್ಣ ಒಂದೊಂದು ತಿರುವಿಗೂ ಅಂಕಿ ಹೇಳುತ್ತಾನೆ, ತಂಗಿ ಬರೆದುಕೊಳ್ಳುತ್ತಾಳೆ. ಸಂಜೆ ಕೂತು ಶುದ್ಧಪ್ರತಿ ಮಾಡುತ್ತಾಳೆ. ಬೇರೆ ಜೋಡಿಗಳೆಲ್ಲ ಇಂಗ್ಲಿಷಿನಲ್ಲಿ ಓದಿದರೆ ಇವರದು ಭಾಲ್ಕಿಯ ಕನ್ನಡ. "ಬಲ ಮೂರು, ಐವತ್ತು, ಎಡ ನಾಕು." ಐವತ್ತು ಎಂದರೆ ಎರಡು ತಿರುವುಗಳ ನಡುವಿನ ಮೀಟರು. ಅಂಜಿದಾಗ ಸುಧೀರನ ಕಿವಿಗೆ ಬೇರೆ ಭಾಷೆ ಇಳಿಯುವುದಿಲ್ಲ. ಅವ್ವನ ಭಾಷೆಯಲ್ಲಿ ಹೇಳಿದರೆ ಕೈ ತಾನಾಗಿ ತಿರುಗುತ್ತದೆ. ಇದನ್ನು ಕೇಳಿ ಮಿಕ್ಕ ತಂಡದವರು ನಗುತ್ತಿದ್ದರು. ಇವರೂ ನಗುತ್ತಿದ್ದರು.

ನಗು ನಿಂತದ್ದು ಎಂಟನೆಯ ಸಲ, ಎರಡು ಸಾವಿರದ ಹದಿನೆಂಟರಲ್ಲಿ. ಸಿಲ್ಲೋಡಿನ ಆಚೆಯ ಘಾಟಿನಲ್ಲಿ ಒಂದು ಬಲ ಮೂರು. ಹಿಂದಿನ ದಿನ ಯಾವುದೋ ಟಿಪ್ಪರ್ ಚೆಲ್ಲಿ ಹೋದ ಜಲ್ಲಿ ಮೇಲೆ ಚಕ್ರ ಜಾರಿ ಕಾರು ಹೊರಗೆ ಸರಿಯಿತು. ನಿಂತಾಗ ಎಡಗಡೆಯ ಮುಂದಿನ ಚಕ್ರದ ಕೆಳಗೆ ನೆಲ ಇರಲಿಲ್ಲ. ಮಂಗಲಾ ಕಿಟಕಿಯಿಂದ ಕೆಳಗೆ ನೋಡಿದಳು. ಮರಗಳ ನೆತ್ತಿ ಕಂಡಿತು. ಅದರ ಕೆಳಗೆ, ಬಹಳ ಕೆಳಗೆ, ಮೇಕೆ ಮೇಯಿಸುವ ಹೆಂಗಸೊಬ್ಬಳು ಹಣೆಗೆ ಕೈ ಹಚ್ಚಿ ಇವರನ್ನೇ ನೋಡುತ್ತಿದ್ದಳು. ಕಾರು ಒಮ್ಮೆ ಮುಂದಕ್ಕೆ ವಾಲಿ ಮತ್ತೆ ಹಿಂದಕ್ಕೆ ಬಂತು. ಪೆಟ್ರೋಲಿನ ವಾಸನೆ. ಸುಧೀರ ಕದಲದೆ, ತುಟಿಯಷ್ಟೇ ಆಡಿಸಿ, ಉಸಿರು ಹಿಡಿಯಬೇಡ, ಮೆಲ್ಲಗೆ ಬಿಡು ಎಂದ. ಹಳ್ಳಿಯವರು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಯುವ ತನಕ ಇಪ್ಪತ್ತು ನಿಮಿಷ ಹಿಡಿಯಿತು. ಆ ಇಪ್ಪತ್ತು ನಿಮಿಷ ಅವಳು ದೇವರನ್ನು ನೆನೆಯಲಿಲ್ಲ. ಅಣ್ಣನ ಮಗಳು ಪ್ರಾಚಿಗೆ ಆಗ ಹದಿಮೂರು ವರ್ಷ, ಅವಳ ಶಾಲೆ ಬಿಡುವ ಹೊತ್ತು ಎಷ್ಟು ಎಂದು ನೆನಪಿಸಿಕೊಳ್ಳಲು ಪ್ರಯತ್ನಿಸುತ್ತಿದ್ದಳು. ನೆನಪಾಗಲಿಲ್ಲ.

ಮನೆಗೆ ಬಂದಾಗ ಅವ್ವ ಚನಬಸವ್ವ ಕೇಳಿದ್ದು ಒಂದೇ ಮಾತು, ಲಿಂಗ ಮೈಮೇಲೆ ಇತ್ತೋ ಇಲ್ಲವೋ ಎಂದು. ರ‍್ಯಾಲಿಯಲ್ಲಿ ಕಾರು ತಪಾಸಣೆ ಮಾಡುವವರು ಕೊರಳಲ್ಲಿ ಬೆಳ್ಳಿ ಕರಡಿಗೆ ಬಿಡುವುದಿಲ್ಲ. ಸುಧೀರ ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ರಟ್ಟೆಗೆ ಕಟ್ಟಿಕೊಳ್ಳುತ್ತಿದ್ದ. ಇತ್ತು ಎಂದ. ಮುದುಕಿ ಸಮಾಧಾನವಾಗಿ ಒಳಗೆ ಹೋದಳು. ಮಂಗಲಾಗೆ ಅಂಥ ಸಮಾಧಾನ ಸಿಗಲಿಲ್ಲ. ಬ್ಯಾಂಕಿನ ಕುರ್ಚಿಯಲ್ಲಿ ಕೂತಾಗಲೂ ಎಡಗಾಲು ನೆಲವನ್ನು ಒತ್ತಿ ನೋಡುತ್ತಿತ್ತು. ರೈಲಿನಲ್ಲಿ ಎಡಗಡೆ ಕಿಟಕಿಯ ಜಾಗ ಸಿಕ್ಕರೆ ಬೇರೆಯವರಿಗೆ ಕೊಟ್ಟು ನಿಂತುಕೊಂಡು ಬರುತ್ತಿದ್ದಳು. ಹೆದರಿಕೆ ಎಂಬುದು ಹೀಗೆ ಮೈಯಲ್ಲಿ ಬಾಡಿಗೆಗೆ ಬಂದು ಮಾಲೀಕನಾಗಿ ಕೂತುಬಿಟ್ಟಿತು.

ಬಿಟ್ಟುಬಿಡಬಹುದಿತ್ತಲ್ಲ, ಎಂದು ನೀವು ಕೇಳಬಹುದು. ಅವಳೂ ನೂರು ಸಲ ಕೇಳಿಕೊಂಡಳು. ಅವಳು ಬಿಟ್ಟರೆ ಸುಧೀರ ಬಿಡುತ್ತಿರಲಿಲ್ಲ. ಬೇರೆ ಯಾರನ್ನಾದರೂ ಕೂರಿಸಿಕೊಳ್ಳುತ್ತಿದ್ದ. ಆ ಬೇರೆಯವರು ಅವನು ಹೇಳಿದ ಅಂಕಿಯನ್ನು ಹೇಳಿದ ಹಾಗೇ ಓದುತ್ತಿದ್ದರು.

ಮರುವರ್ಷ ರೆಕಿ ಮುಗಿಸಿ ಬಂದ ಸಂಜೆ ಶುದ್ಧಪ್ರತಿ ಮಾಡುತ್ತ ಅವಳು ಆ ಬಲ ಮೂರಿನ ಹತ್ತಿರ ಬಂದಳು. ಪೆನ್ನು ನಿಂತಿತು. ಆಮೇಲೆ ಎರಡು ಎಂದು ಬರೆಯಿತು. ಬ್ಯಾಂಕಿನಲ್ಲಿ ಒಂದು ಅಂಕಿ ಆಚೀಚೆ ಆದರೆ ಊಟ ಸೇರದ ಹೆಂಗಸು ಅವಳು. ಅಂದು ಮಾತ್ರ ಹೊಟ್ಟೆ ತುಂಬ ಉಂಡಳು. ಮೊದಲ ವರ್ಷ ದರಿಯ, ಅಂದರೆ ಪ್ರಪಾತದ, ಪಕ್ಕದ ತಿರುವುಗಳಿಗಷ್ಟೇ ಒಂದು ಅಂಕಿ ಕಡಿಮೆ. ಮುಂದಿನ ಸಲ ಘಾಟಿಗೆಲ್ಲ. ಆಮೇಲೆ ಹೊಲದ ರಸ್ತೆಗೂ. ಸುಧೀರ ಕೇಳಿದ್ದನ್ನು ನಂಬಿ ಓಡಿಸುವವನು. ನಾಲ್ಕು ಇದ್ದ ಕಡೆ ಅವಳು ಮೂರು ಎಂದರೆ ಅವನು ಮೂರರ ವೇಗಕ್ಕೇ ಇಳಿಸುತ್ತಿದ್ದ. ರ‍್ಯಾಲಿಯ ದಾರಿಯನ್ನು ಹಂತಗಳಾಗಿ ಒಡೆದಿರುತ್ತಾರೆ. ಪ್ರತಿ ಹಂತಕ್ಕೂ ಒಂದು ಗಡುವು ಇರುತ್ತದೆ, ಅದು ಮೀರಿದರೆ ಆಟದಿಂದ ಹೊರಗೆ. ಹಳೇ ಸಣ್ಣ ಕಾರು, ಮೇಲೆ ಈ ಕಡಿಮೆ ಅಂಕಿ. ಕೊರೊನಾದ ವರ್ಷ ಆಟವೇ ನಡೆಯಲಿಲ್ಲ. ನಾಲ್ಕು ರ‍್ಯಾಲಿ, ನಾಲ್ಕು ಸಲವೂ ಗಡುವು ಮೀರಿ ಹೊರಗೆ. ಯಾರಿಗೂ ಗಾಯವಿಲ್ಲ. ಪ್ರತಿ ಸಲ ಮನೆಗೆ ಬರುವಾಗ ಅವಳ ಮನಸ್ಸು ಹಗುರ.

ಆದರೆ ಸುಧೀರ ಕುಗ್ಗುತ್ತ ಹೋದ. ಎಮ್ಮೆ ಅಡ್ಡ ಬಂದಿತ್ತು, ಮುಚ್ಚಳ ಮರೆತಿದ್ದೆ ಎಂದರೆ ಅವನೇ ನಗಬಲ್ಲ. ಕಾರು ಸರಿ ಇದೆ, ರಸ್ತೆ ಸರಿ ಇದೆ, ತಾನೇ ನಿಧಾನ ಎಂದರೆ ನಗುವುದು ಹೇಗೆ? ಕಣ್ಣು ಪರೀಕ್ಷೆ ಮಾಡಿಸಿದ. ಎಂಜಿನ್ ಬಿಚ್ಚಿ ಹೊಸದಾಗಿ ಕಟ್ಟಿದ. ಬೆಳಿಗ್ಗೆ ಓಡಲು ಹೋಗಿ ಮೊಣಕಾಲು ನೋಯಿಸಿಕೊಂಡ. ದ್ವಾರಕಾದ ಚಹಾದಂಗಡಿಗೆ ಹೋಗುವುದನ್ನು ಬಿಟ್ಟ. ಇಪ್ಪತ್ಮೂರರ ರ‍್ಯಾಲಿ ಮುಗಿದ ವಾರ ಗ್ಯಾರೇಜಿನಲ್ಲಿ ಒಂದು ಸ್ಟೂಲಿನ ಮೇಲೆ ಕೂತು ತಂಗಿಗೆ ಹೇಳಿದ:

"ನನ್ನ ಕಾಲು ಆಕ್ಸಿಲರೇಟರ್ ಮ್ಯಾಲೇ ಇರ್ತದ, ಮಂಗಲಾ. ಮನಸ್ಸೇ ಒತ್ತಲ್ಲ. ನಾ ಅಂಜುಬುರುಕ ಆಗೀನಿ. ಇನ್ನೊಂದ್ ವರ್ಷ ನೋಡ್ತೀನಿ, ಆಗ್ಲಿಲ್ಲಂದ್ರ ಗಾಡಿ ಮಾರಿಬಿಡ್ತೀನಿ."

ಅಂಜುಬುರುಕಿ ತಾನು ಎಂದು ಮಂಗಲಾಗೆ ಗೊತ್ತಿತ್ತು. ತನ್ನ ಅಂಜಿಕೆಯನ್ನು ಅವನ ಹೆಗಲಿಗೆ ಏರಿಸಿ, ಅವನು ಅದನ್ನು ತನ್ನದೇ ಎಂದು ಹೊರುತ್ತಿರುವುದನ್ನು ನೋಡುತ್ತ ಕೂತವಳು. ಆ ವರ್ಷವಿಡೀ ಅವಳಿಗೆ ಎರಡು ಹೆದರಿಕೆ. ಅಣ್ಣ ಸತ್ತಾನು ಎಂಬುದೊಂದು, ಬದುಕಿಯೂ ಹೀಗೇ ಇದ್ದಾನು ಎಂಬುದು ಇನ್ನೊಂದು. ಎರಡನೆಯದೇ ಗೆದ್ದಿತು. ಇಪ್ಪತ್ನಾಲ್ಕರ ರೆಕಿ ಮುಗಿದ ಸಂಜೆ ಅವಳು ಶುದ್ಧಪ್ರತಿಯನ್ನು ಶುದ್ಧವಾಗಿಯೇ ಬರೆದಳು. ಮೂರು ಇದ್ದಲ್ಲಿ ಮೂರು, ನಾಲ್ಕು ಇದ್ದಲ್ಲಿ ನಾಲ್ಕು. ಬರೆದು ಮುಗಿಸಿದಾಗ ಕೈ ಬೆವೆತು ಪುಟದ ಅಂಚು ಒದ್ದೆಯಾಗಿತ್ತು.

ರ‍್ಯಾಲಿಯ ದಿನ ಮೊದಲ ಎರಡು ಹಂತ ಹತ್ತಿ ಮತ್ತು ಮೆಕ್ಕೆಜೋಳದ ಹೊಲಗಳ ನಡುವಿನ ಮಣ್ಣು ರಸ್ತೆ. ಸುಧೀರ ಗಾಡಿಯನ್ನು ಹಾರಿಸಿಬಿಟ್ಟ. ತಿರುವಿನಲ್ಲಿ ಹಿಂಭಾಗ ಜಾರಿ ಹೊಲದ ಬದುವಿಗೆ ತಾಗುವಂತೆ ಹೋಗಿ ಮತ್ತೆ ರಸ್ತೆಗೆ ಬರುತ್ತಿತ್ತು. ಮಂಗಲಾ ಓದುತ್ತ ಹೋದಳು. ಖರೆ ಅಂಕಿಯ ವೇಗ ಹೀಗೇ ಇರುತ್ತದೆ, ನಾಲ್ಕು ವರ್ಷದಲ್ಲಿ ತನಗೇ ಮರೆತುಹೋಗಿದೆ ಎಂದುಕೊಂಡಳು. ಎರಡೂ ಹಂತಗಳನ್ನು ಗಡುವಿನ ಒಳಗೆ ಮುಗಿಸಿದರು. ಉಳಿದದ್ದು ಕೊನೆಯ ಹಂತ, ಅದೇ ಘಾಟು.

ಘಾಟಿನ ಬುಡದಲ್ಲಿ ಕಾರುಗಳು ಸಾಲಾಗಿ ನಿಂತಿದ್ದವು. ನಿಮಿಷಕ್ಕೊಂದು ಕಾರು ಬಿಡುತ್ತಾರೆ. ಇವರ ಮುಂದೆ ಇನ್ನೆರಡು. ಸುಧೀರನ ಮುಖದಲ್ಲಿ ಹತ್ತು ವರ್ಷ ಕಡಿಮೆಯಾಗಿತ್ತು. ಕೈಗವಸು ಎಳೆದು ಸರಿಮಾಡಿಕೊಳ್ಳುತ್ತ, ಒಂದು ಗುಟ್ಟು ಹೇಳುವವನಂತೆ ಹೇಳಿದ.

"ಈ ಸಲ ಯಾಕ ಜೋರಾಗ್ಯಾದ ಗೊತ್ತೇನು? ನನ್ನ ಅಂಜಿಕಿ ಎಲ್ಲಿ ಕುಂತದ ಅಂತ ಕಂಡು ಹಿಡದೀನಿ. ರೆಕಿದಾಗ ನಾನೇ ಅಂಜಿ ಸಣ್ಣ ಅಂಕಿ ಹೇಳ್ಲತ್ತಿದ್ದೆ. ಈಗ ನೀ ಓದಿದ್ದಕ್ಕ ಒಂದು ಕೂಡಿಸ್ಕೋತೀನಿ. ಮೂರು ಅಂದ್ರ ನಾಕು ಹೊಡೀತೀನಿ. ಸರಿಯಾಗಿ ಕೂಡ್ತದ."

ಮಂಗಲಾಳ ಕಿವಿಯಲ್ಲಿ ಎಂಜಿನ್ನಿನ ಸದ್ದು ನಿಂತುಹೋಯಿತು. ಹೊಲದ ರಸ್ತೆಯಲ್ಲಿ ಕಾರು ಜಾರುತ್ತಿದ್ದದ್ದು ಅದಕ್ಕೆ. ಅಲ್ಲಿ ಜಾರಿದರೆ ಹತ್ತಿ ಗಿಡ ಮುರಿಯುತ್ತದೆ. ಇಲ್ಲಿ ಜಾರಿದರೆ ಕೆಳಗೆ ಮರಗಳ ನೆತ್ತಿ. ನಾಲ್ಕು ವರ್ಷ ಅವಳು ಕಳೆದದ್ದನ್ನು ಅವನು ಇಂದು ಕೂಡಿಸುತ್ತಿದ್ದ. ಇಂದು ಮಾತ್ರ ಅವಳು ಕಳೆದಿರಲಿಲ್ಲ.

ಮುಂದಿನ ಕಾರು ಹೋಯಿತು. ಇನ್ನೊಂದೇ ಉಳಿದಿತ್ತು.

ಅವಳ ತಲೆ ಚುರುಕಾಗಿ ಓಡಿತು, ಕಳ್ಳರ ತಲೆ ಓಡುವ ಹಾಗೆ. ಏನೂ ಹೇಳಬೇಕಿಲ್ಲ. ಓದುವಾಗ ಬಾಯಲ್ಲೇ ಒಂದು ಕಳೆದು ಹೇಳಿದರಾಯಿತು. ನಾಲ್ಕಕ್ಕೆ ಮೂರು ಎನ್ನಬೇಕು, ಅವನು ನಾಲ್ಕು ಮಾಡಿಕೊಳ್ಳುತ್ತಾನೆ. ಯಾರಿಗೂ ಗೊತ್ತಾಗುವುದಿಲ್ಲ, ಅವನು ರ‍್ಯಾಲಿ ಮುಗಿಸುತ್ತಾನೆ, ತಾನು ಒಳ್ಳೆಯ ತಂಗಿಯಾಗಿಯೇ ಉಳಿಯುತ್ತೇನೆ. ಮೊದಲ ಪುಟ ತೆಗೆದು ಮನಸ್ಸಿನಲ್ಲೇ ಕಳೆಯುತ್ತ ಓದಿ ನೋಡಿದಳು. ಎಡ ಮೂರು, ಎರಡು. ಬಲ ನಾಕು, ಮೂರು. ಐದನೆಯ ತಿರುವಿಗೇ ಬಾಯಿ ತಡವರಿಸಿತು. ಘಾಟಿನಲ್ಲಿ ಎಪ್ಪತ್ತೆರಡು ತಿರುವು. ಒಂದೇ ಒಂದು ಕಡೆ ಕಳೆಯಲು ಮರೆತರೂ ಸಾಕು. ಕೆಳಗೆ ಬೀಳುವುದಕ್ಕಿಂತ ಅಣ್ಣನಿಗೆ ನಿಜ ಹೇಳುವುದು ಹೆಚ್ಚು ಭಯಂಕರ ಎಂದು ಇಷ್ಟು ಹೊತ್ತು ತಾನು ಲೆಕ್ಕ ಹಾಕುತ್ತಿದ್ದೆನಲ್ಲ ಎಂದು ತನ್ನ ಮೇಲೇ ಹೇಸಿಗೆ ಬಂತು.

ಕಾರು ಗೆರೆಗೆ ಬಂದು ನಿಂತಿತು. ನಿಶಾನೆಯವನು ಮೂವತ್ತು ಸೆಕೆಂಡ್ ಎಂದು ಬೆರಳು ತೋರಿಸಿದ.

"ಅಣ್ಣಾ, ಕೂಡಿಸಬ್ಯಾಡ," ಎಂದಳು. "ಈ ಸಲ ನೀ ಹೇಳಿದ್ದೇ ಬರದೀನಿ. ಸಣ್ಣ ಅಂಕಿ ನೀ ಹೇಳಿದ್ದಲ್ಲ. ನಾಕು ವರ್ಷ ನಾನೇ ಒಂದೊಂದು ಕಡಿಮಿ ಮಾಡಿ ಬರೀಲತ್ತಿದ್ದೆ. ನನಗ ಅಂಜಿಕಿ ಆಗಿತ್ತು."

ಸುಧೀರ ಅವಳ ಕಡೆ ತಿರುಗಲಿಲ್ಲ. ನಿಶಾನೆಯವನ ಕೈಯಲ್ಲಿ ಐದು ಬೆರಳು, ನಾಲ್ಕು, ಮೂರು. ಕೈ ಕೆಳಗೆ ಬಿತ್ತು. ಕಾರು ಹೊರಡಲಿಲ್ಲ. ಒಂದು, ಎರಡು, ಮೂರು ಸೆಕೆಂಡ್ ಹಾಗೇ ಹೋದವು. ನಿಶಾನೆಯವನು ಬಗ್ಗಿ ಕಿಟಕಿಯಲ್ಲಿ ನೋಡಿದ.

"ಖರೇನ?" ಎಂದ ಸುಧೀರ.

"ಖರೆ."

ಕಾರು ಹೊರಟಿತು. ಅವಳು ಓದಿದಳು. ಎಡ ಮೂರು, ಮೂವತ್ತು, ಬಲ ನಾಕು. ಅವನು ಕೂಡಿಸುತ್ತಿದ್ದಾನೋ ಕಳೆಯುತ್ತಿದ್ದಾನೋ ಅವಳಿಗೆ ಮೊದಲ ಕೆಲವು ತಿರುವು ತಿಳಿಯಲಿಲ್ಲ. ಇಷ್ಟು ಸುಳ್ಳಾದ ಮೇಲೆ ಅವನು ಯಾವ ಅಂಕಿಯನ್ನು ನಂಬಬೇಕು? ಎಡಗಡೆ ರಸ್ತೆಯ ಅಂಚು, ಅಂಚಿನಾಚೆ ಬರೀ ಬೆಳಕು. ಆ ಹಳೆಯ ತಿರುವು ಬಂತು. "ಬಲ ಮೂರು, ಹೊರಗ ದರಿ," ಎಂದಳು. ನಾಲ್ಕರ ವೇಗದಲ್ಲಿ ಬಂದರೆ ಮುಗಿಯಿತು. ಗೇರು ಇಳಿದ ಸದ್ದು ಕೇಳಿಸಿತು. ಮೂರರ ವೇಗ, ಸರಿಯಾಗಿ ಮೂರು. ಕಾರು ರಸ್ತೆಯ ಒಳಮಗ್ಗುಲಿಗೆ ಅಂಟಿಕೊಂಡು ತಿರುಗಿತು. ಅವಳು ಅಳುತ್ತಲೇ ಮುಂದಿನ ಅಂಕಿ ಓದಿದಳು, ಅವನು ಅದನ್ನೂ ಹಾಗೇ ತೆಗೆದುಕೊಂಡ.

ಮುಗಿಸಿದ ಇಪ್ಪತ್ತೊಂಬತ್ತು ಕಾರುಗಳಲ್ಲಿ ಅವರದು ಇಪ್ಪತ್ತೊಂಬತ್ತನೆಯದು. ಗಡುವಿಗೆ ಹನ್ನೊಂದು ಸೆಕೆಂಡ್ ಉಳಿದಿತ್ತು. ದ್ವಾರಕಾದ ಚಹಾದಂಗಡಿಯವರು ಗೆದ್ದವನನ್ನು ಬಿಟ್ಟು ಸುಧೀರನನ್ನು ಎತ್ತಿ ಕುಣಿದರು. ಮರಾಠಿ ಪೇಪರಿನಲ್ಲಿ ಕೊನೆಯ ಸ್ಥಾನದವನ ಫೋಟೋ ಬಂದದ್ದು ಅದೇ ಮೊದಲು ಇರಬೇಕು. ಏನು ಬದಲಾಯಿತು ಎಂದು ಕೇಳಿದವರಿಗೆ ಎಂಜಿನ್ ಹೊಸದು ಎಂದ. ಅವ್ವನಿಗೂ ಹೆಂಡತಿಗೂ ಅದನ್ನೇ ಹೇಳಿದ. ತಂಗಿಯ ಮಾನವನ್ನು ಹೀಗೆ ಕಾಪಾಡಿದ. ತಂಗಿಯ ಜೊತೆ ಮಾತ್ರ ಮಾತಿಲ್ಲ. ಭಾನುವಾರ ಅವಳನ್ನು ರೈಲಿಗೆ ಬಿಡಲು ಬಂದವನು, ಬಂಡಿ ಕದಲುವ ಹೊತ್ತಿಗೆ, ಕಿಟಕಿಯ ಸರಳು ಹಿಡಿದು ಮೆಲ್ಲಗೆ ಹೇಳಿದ.

"ನಾಕು ವರ್ಷ ನಾ ಮುದುಕ ಆದೆ ಅಂತ ತಿಳ್ಕೊಂಡಿದ್ದೆ, ಮಂಗಲಾ."

ಬೈದಿದ್ದರೆ ಸಹಿಸಬಹುದಿತ್ತು. ಮನ್ಮಾಡಿನ ತನಕ ಅವಳು ಸೆರಗಿನಿಂದ ಮುಖ ತೆಗೆಯಲಿಲ್ಲ.

ಈ ವರ್ಷ ರ‍್ಯಾಲಿಯ ಅರ್ಜಿಯಲ್ಲಿ ನ್ಯಾವಿಗೇಟರ್ ಎಂಬ ಜಾಗದಲ್ಲಿ ಬೇರೆ ಹೆಸರು ಬಂತು. ಅವಳು ಅದನ್ನು ನಿರೀಕ್ಷಿಸಿಯೇ ಇದ್ದಳು, ಹೆಸರನ್ನು ಮಾತ್ರ ನಿರೀಕ್ಷಿಸಿರಲಿಲ್ಲ. ಪ್ರಾಚಿ. ಅಣ್ಣನ ಮಗಳು, ಇಪ್ಪತ್ತು ವರ್ಷ, ಎಂಜಿನಿಯರಿಂಗ್ ಓದುವವಳು. ಹುಡುಗಿಯೇ ಹಟ ಹಿಡಿದಳಂತೆ, ಅಪ್ಪ ಒಪ್ಪಿದನಂತೆ. ಸುಧೀರ ಫೋನು ಮಾಡಿ, ರೆಕಿಗೆ ನೀನೂ ಬಂದು ಅವಳಿಗೆ ಬರೆಯುವುದನ್ನು ಕಲಿಸು ಎಂದಷ್ಟೇ ಹೇಳಿದ. ಬೇಡ ಎನ್ನುವ ಅಧಿಕಾರ ತನಗೆ ಉಳಿದಿಲ್ಲವೆಂದು ಮಂಗಲಾಗೆ ಗೊತ್ತಿತ್ತು.

ಹಾಗಾಗಿ ಅವಳು ಹಿಂದಿನ ಸೀಟಿನಲ್ಲಿ ಕೂತಳು. ಎಡಗಡೆ ಮುಂದೆ ಪ್ರಾಚಿ, ತೊಡೆಯ ಮೇಲೆ ಪುಸ್ತಕ. ಪಿನ್ನು ಹಾಕಿ ಕಟ್ಟಿದ ಕೂದಲು, ಕುತ್ತಿಗೆಯ ಮೇಲೊಂದು ಮಚ್ಚೆ. ಘಾಟು ಏರುತ್ತ ಹೋದಂತೆ ಮಂಗಲಾ ಆ ಮಚ್ಚೆಯನ್ನೇ ನೋಡುತ್ತಿದ್ದಳು. ಹೊರಗೆ ನೋಡಿದರೆ ಕೂಗಿಬಿಡುತ್ತೇನೆಂಬ ಹೆದರಿಕೆ. ಸುಧೀರ ಅಂಕಿ ಹೇಳುತ್ತಿದ್ದ, ಹುಡುಗಿ ಬರೆಯುತ್ತಿದ್ದಳು, ಹಿಂದಿನಿಂದ ಅತ್ತೆ ಅಕ್ಷರ ದೊಡ್ಡದಾಗಿ ಬರೆ, ಗೆರೆಗೆರೆಯ ನಡುವೆ ಜಾಗ ಬಿಡು ಎಂದು ತಿದ್ದುತ್ತಿದ್ದಳು.

ನೆತ್ತಿಯ ಹತ್ತಿರ ಒಂದು ಉದ್ದ ತಿರುವು. ಬಲಗಡೆ ಬಂಡೆ, ಎಡಗಡೆ ಏನೂ ಇಲ್ಲ. ಸುಧೀರ ಬಲ ಐದು ಎಂದ. ಪ್ರಾಚಿಯ ಪೆನ್ನು ಏಳಲಿಲ್ಲ. ಅವಳು ಕಿಟಕಿಯಿಂದ ಕೆಳಗೆ ನೋಡಿದಳು, ಬಹಳ ಹೊತ್ತು ನೋಡಿದಳು. ಆಮೇಲೆ ಅಪ್ಪನ ಕಡೆ ತಿರುಗದೆ ಹಿಂದಕ್ಕೆ ತಿರುಗಿ, ತನ್ನ ಮರಾಠಿ ಬೆರೆತ ಕನ್ನಡದಲ್ಲಿ ಅತ್ತೆಯನ್ನು ಕೇಳಿದಳು.

"ಆತ್ಯಾ, ಇಲ್ಲಿ ಭಾಳ ಡೇಂಜರ್ ಅದ ನಾ. ಚಾರ್ ಬರೀಲೇನು?"

ಸುಧೀರ ಕಾರು ನಿಲ್ಲಿಸಿದ. ಕನ್ನಡಿಯಲ್ಲಿ ಅವನ ಕಣ್ಣು ತಂಗಿಯ ಮುಖದ ಮೇಲಿತ್ತು. ಒಂದು ಅಂಕಿ. ನಾಲ್ಕು ಎಂದರೆ ಈ ಹುಡುಗಿ ಈ ತಿರುವಿನಲ್ಲಿ ಖಂಡಿತ ಬದುಕುತ್ತಾಳೆ. ಆಮೇಲೆ ಅವಳ ಅಪ್ಪ ಅವಳ ಯಾವ ಅಂಕಿಯನ್ನೂ ನಂಬುವ ಹಾಗಿಲ್ಲ, ಎಲ್ಲೆಲ್ಲಿ ಎಷ್ಟು ಕೂಡಿಸಬೇಕೆಂದು ಅವನಿಗೆ ಯಾರೂ ಹೇಳುವುದಿಲ್ಲ. ಮಂಗಲಾಳ ಎಡಗಾಲು ಕಾರಿನ ನೆಲವನ್ನು ಒತ್ತಿತು.

"ಅಪ್ಪ ಹೇಳಿದ್ದೇ ಬರಿ," ಎಂದಳು. "ಐದು."

ದನಿ ಹೊರಗೆ ಬಂದಿರಲಿಲ್ಲ. ಇನ್ನೊಮ್ಮೆ ಹೇಳಬೇಕಾಯಿತು.